ಐದು ಪಾಲಿನ ಒಕ್ಕೂಟ

‘ಬರ್ಬರ’ ಎಂದರೆ ಕನ್ನಡದಲ್ಲಿ ಏನರ್ಥ ಎಂದು ನಿಮಗೆ ಹೇಳಬೇಕಿಲ್ಲ. ಉತ್ತರ ಆಫ್ರಿಕದ ಮೂಲನಿವಾಸಿಗಳಿಗೆ ‘ಬರ್ಬರ್’ ಎಂಬ ಹೆಸರಿಟ್ಟವರು ಹೊರಗಿನವರು. ಅವರು ತಮ್ಮನ್ನು ಕರೆದುಕೊಳ್ಳುವುದು ಇಮಾಝಿಘೆನ್ ಎಂದು. ಅವರ ಒಂದು ಪದ್ಧತಿ ಕೇಳಿ, ಆಮೇಲೆ ಹೆಸರು ಒಪ್ಪುತ್ತದೆಯೇ ನೀವೇ ಹೇಳಿ.

ಆಗ್ನೇಯ ಮೊರಾಕೊದ ಸಘ್ರೊ ಬೆಟ್ಟಗಳಲ್ಲಿ ಆಯ್ತ್ ಅತ್ತಾ ಎಂಬ ಒಕ್ಕೂಟವಿತ್ತು. ಕುರಿ ಮೇಯಿಸುವ ಹಲವಾರು ಕುಲಗಳು ಐದು ಪಾಲುಗಳಾಗಿ ಸೇರಿದ್ದವು. ಮುಖ್ಯಸ್ಥನನ್ನು ಒಂದು ವರ್ಷದ ಮಟ್ಟಿಗೆ ಆರಿಸುತ್ತಿದ್ದರು. ಈ ವರ್ಷ ಒಂದು ಪಾಲಿನ ಸರದಿ ಎನ್ನಿ. ಅಭ್ಯರ್ಥಿಗಳೆಲ್ಲ ಆ ಪಾಲಿನವರೇ. ಆದರೆ ಆರಿಸುವ ಹಕ್ಕು ಉಳಿದ ನಾಲ್ಕು ಪಾಲಿನವರಿಗೆ ಮಾತ್ರ! ತನ್ನವರ ಓಟು ನೆಚ್ಚಿಕೊಂಡು ಗೆಲ್ಲುವ ದಾರಿಯೇ ಇಲ್ಲ. ಗೆದ್ದವನ ಪೇಟಕ್ಕೆ ಹಸಿರು ಹುಲ್ಲು ಸಿಕ್ಕಿಸುತ್ತಿದ್ದರು. ಮಳೆ ಅಪರೂಪವಾದ ಸೀಮೆಯಲ್ಲಿ ಅದೇ ಕಿರೀಟ. ಇದನ್ನೆಲ್ಲ ಅಮೆರಿಕದ ಮಾನವಶಾಸ್ತ್ರಜ್ಞ ಡೇವಿಡ್ ಹಾರ್ಟ್ ವಿವರವಾಗಿ ಬರೆದಿಟ್ಟಿದ್ದಾರೆ.

ಅರಸನಿಲ್ಲದ ಇಂಥ ಜನ ಯುದ್ಧ ಬಂದರೆ ನಿಂತಾರೆಯೇ? 1933ರ ಫೆಬ್ರುವರಿಯಲ್ಲಿ ಫ್ರೆಂಚ್ ಸೇನೆ ಅವರನ್ನು ಬೂಗಾಫರ್ ಬೆಟ್ಟದಲ್ಲಿ ಮುತ್ತಿತು. ಮೇಲಿನಿಂದ ವಿಮಾನ, ಕೆಳಗಿನಿಂದ ಫಿರಂಗಿ. ಹೆಂಗಸರು, ಮಕ್ಕಳು, ದನಕರುಗಳೂ ಬೆಟ್ಟದಲ್ಲೇ ಇದ್ದವು. ನೀರಿನ ದಾರಿಯನ್ನೂ ಶತ್ರುಗಳು ಹಿಡಿದರು. ಆದರೂ ನಾಯಕ ಹಸ್ಸೂ ಉ ಬಾಸ್ಲಾಮ್ ಸುಮಾರು ಆರು ವಾರ ಜಗ್ಗಲಿಲ್ಲ. ಮಾರ್ಚ್ ಕೊನೆಗೆ ಕೆಳಗಿಳಿದಾಗಲೂ ಷರತ್ತು ಹಾಕಿಯೇ ಇಳಿದರು: ಮರಾಕೇಶಿನ ಗ್ಲಾವಿ ಪಾಳೆಯಗಾರನಿಗೆ ನಾವು ಅಧೀನರಲ್ಲ, ನಮ್ಮ ಕಟ್ಟಳೆ ನಮಗಿರಲಿ. ಫ್ರೆಂಚರು ಒಪ್ಪಿದರು.

ಬಳಿಕ ಹಸ್ಸೂವನ್ನೇ ಸರ್ಕಾರದ ಪರವಾಗಿ ‘ಕಾಯಿದ್’ ಎಂದು ನೇಮಿಸಿದರು. ಆ ಹುದ್ದೆಗೆ ಸರದಿ ಇರಲಿಲ್ಲ.