ಪೆನ್ ಡ್ರೈವ್‌ಗೂ ಒಂದು ಹೊಸ್ತಿಲು ಇರಲಿ

ಇವತ್ತು ಹಾಡು ಹಾಕುವ ಮುಂಚೆ ಒಂದು ತಪ್ಪೊಪ್ಪಿಗೆ ಇದೆ. ಐದು ನಿಮಿಷ ಕೇಳಿಬಿಡಿ.

ಡೊಂಬಿವಲಿಯ ಅಜ್ಜಿಯೊಬ್ಬರು ನಮ್ಮ ಕಾರ್ಯಕ್ರಮದಲ್ಲಿ ಹಾಡಿದ ಸೋಬಾನ ಪದಗಳು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಮದುವೆಯಾಗಿ ಧಾರವಾಡದ ಕಡೆಯಿಂದ ಮುಂಬಯಿಗೆ ಬಂದವರು. ಅವರ ಅಡುಗೆಮನೆಯಲ್ಲೇ ಕೂತು 40 ನಿಮಿಷ ರೆಕಾರ್ಡ್ ಮಾಡಿಕೊಂಡಿದ್ದೆ. ಪ್ರಸಾರವಾದದ್ದು 6 ನಿಮಿಷ. ಮಿಕ್ಕದ್ದೆಲ್ಲ ನನ್ನ ಪೆನ್ ಡ್ರೈವ್‌ನಲ್ಲಿ ಉಳಿದಿತ್ತು, ಬೇರೆಲ್ಲೂ ಇರಲಿಲ್ಲ. ಅಜ್ಜಿ ತೀರಿಕೊಂಡ ಮೇಲೆ ಅವರ ಮಗ ಫೋನ್ ಮಾಡಿದರು. "ಅವ್ವನ ದನಿ ನಿಮ್ಮ ಕಡೆ ಐತಲ್ರೀ? ಒಂದು ಕಾಪಿ ಕೊಡ್ರಿ" ಅಂದರು. ನಾಳೆಯೇ ಕೊಡುತ್ತೇನೆ ಅಂದೆ.

ಮರುದಿನ ಬೆಳಿಗ್ಗೆ ರೈಲ್ವೆ ಸ್ಟೇಷನ್ ಪಕ್ಕದ ಝೆರಾಕ್ಸ್ ಅಂಗಡಿಯಲ್ಲಿ ಸ್ಕ್ರಿಪ್ಟ್ ಪ್ರಿಂಟ್ ತೆಗೆಸಿದೆ. ಅದೇ ಪೆನ್ ಡ್ರೈವ್‌ನಿಂದ. ಆಫೀಸಿಗೆ ಬಂದು ಎಡಿಟಿಂಗ್ ಕಂಪ್ಯೂಟರಿಗೆ ಸಿಕ್ಕಿಸಿದರೆ, ಪ್ರತಿ ಫೋಲ್ಡರಿನ ಮೂಲೆಯಲ್ಲೂ ಒಂದು ಪುಟ್ಟ ಬಾಗಿದ ಬಾಣದ ಗುರುತು. ಏನಿದು ಅಂತ ಯೋಚಿಸದೆ ಎರಡು ಸಲ ಒತ್ತಿದೆ. ಫೋಲ್ಡರ್ ತೆರೆಯಿತು, ಸ್ಕ್ರಿಪ್ಟ್ ಇತ್ತು, ಕೆಲಸ ಮುಂದುವರಿಸಿದೆ. ಮಧ್ಯಾಹ್ನದ ಹೊತ್ತಿಗೆ ಆ ಕಂಪ್ಯೂಟರಿಗೆ ಹಾಕಿದ ಸಹೋದ್ಯೋಗಿಯ ಪೆನ್ ಡ್ರೈವ್‌ನಲ್ಲೂ ಅದೇ ಬಾಣ! ನನ್ನದನ್ನು ಇನ್ನೊಂದು ಕಂಪ್ಯೂಟರಿಗೆ ಹಾಕಿದೆ. ಅಲ್ಲಿನ ಆಂಟಿವೈರಸ್ ಆ ಬಾಣದ ಕಡತಗಳನ್ನೆಲ್ಲ ಅಳಿಸಿ ಹಾಕಿತು. ಆಮೇಲೆ ತೆರೆದು ನೋಡಿದರೆ ಪೆನ್ ಡ್ರೈವ್ ಖಾಲಿ. ಅಜ್ಜಿಯೂ ಇಲ್ಲ, ಅಜ್ಜಿಯ ದನಿಯೂ ಇಲ್ಲ.

"ವೈರಸ್ಸು, ಫಾರ್ಮ್ಯಾಟ್ ಮಾಡಿಬಿಡಿ" ಅಂದರು ಯಾರೋ. ನನ್ನ ಕೈ ಮೌಸ್ ಮೇಲಿತ್ತು. ಅಷ್ಟರಲ್ಲಿ ಬಂದ ನಮ್ಮ ಮರಾಠಿ ಎಂಜಿನಿಯರ್ ಮೊದಲು ಎಡಿಟಿಂಗ್ ಕಂಪ್ಯೂಟರಿನ ನೆಟ್‌ವರ್ಕ್ ತಂತಿ ಕಿತ್ತರು. ಆಮೇಲೆ ನನ್ನ ಪೆನ್ ಡ್ರೈವ್‌ನ 'ಪ್ರಾಪರ್ಟೀಸ್' ತೆರೆದು ತೋರಿಸಿದರು. ಸುಮಾರು 3 ಜಿ.ಬಿ. ಜಾಗ ಇನ್ನೂ ತುಂಬಿಯೇ ಇತ್ತು. "ಮನೆ ಖಾಲಿ ಅಂತೀರಿ, ಬಾಡಿಗೆ ಯಾರು ಕಟ್ತಿದ್ದಾರೆ?" ಅಂತ ನಕ್ಕರು. ನಾನು ನಗುವ ಸ್ಥಿತಿಯಲ್ಲಿರಲಿಲ್ಲ.

ಆಗಿದ್ದು ಇಷ್ಟು. ಈ ಜಾತಿಯ ಕುತಂತ್ರಾಂಶ ನಮ್ಮ ಕಡತಗಳನ್ನು ಅಳಿಸುವುದಿಲ್ಲ, ಅಡಗಿಸುತ್ತದೆ. ಅವುಗಳ ಜಾಗದಲ್ಲಿ ಅದೇ ಹೆಸರಿನ ಶಾರ್ಟ್‌ಕಟ್ ಇಡುತ್ತದೆ. ನಾವು ಅದನ್ನು ಒತ್ತಿದರೆ ಮೊದಲು ವೈರಸ್ ಓಡುತ್ತದೆ, ಬೆನ್ನಿಗೇ ನಿಜವಾದ ಫೋಲ್ಡರ್ ತೆರೆಯುತ್ತದೆ. ಹಾಗಾಗಿ ನಮಗೆ ಅನುಮಾನವೇ ಬರುವುದಿಲ್ಲ. ಆಮೇಲೆ ಆ ಕಂಪ್ಯೂಟರಿಗೆ ಸಿಕ್ಕಿಸಿದ ಪ್ರತಿಯೊಂದು ಪೆನ್ ಡ್ರೈವ್‌ಗೂ ಅದು ಹತ್ತಿಕೊಳ್ಳುತ್ತದೆ.

ಇದೇನೂ ಹೊಸ ಕಾಯಿಲೆಯಲ್ಲ. 1982ರಲ್ಲಿ ಅಮೆರಿಕದ ರಿಚರ್ಡ್ ಸ್ಕ್ರೆಂಟಾ ಎಂಬ 15 ವರ್ಷದ ಹುಡುಗ ತಮಾಷೆಗೆ ಬರೆದ 'ಎಲ್ಕ್ ಕ್ಲೋನರ್' ಫ್ಲಾಪಿಯಿಂದ ಫ್ಲಾಪಿಗೆ ಹರಡಿತ್ತು. ಪೆನ್ ಡ್ರೈವ್ ಬಂದ ಮೇಲೆ, ಅದನ್ನು ಸಿಕ್ಕಿಸಿದೊಡನೆ ಒಳಗಿನ ಕಾರ್ಯಕ್ರಮ ತೆರೆದುಕೊಳ್ಳುವಂತೆ ಮಾಡುವ 'ಆಟೋರನ್' ಸೌಲಭ್ಯ ವೈರಸ್‌ಗಳಿಗೆ ಹೆಬ್ಬಾಗಿಲಾಯಿತು. 2008ರಲ್ಲಿ ಕಾಣಿಸಿಕೊಂಡ 'ಕಾನ್‌ಫಿಕರ್' ಈ ದಾರಿಯನ್ನೂ ಬಳಸಿಕೊಂಡಿತು. ಪೆನ್ ಡ್ರೈವ್‌ಗಳ ಮಟ್ಟಿಗೆ ಮೈಕ್ರೋಸಾಫ್ಟ್ ಆ ಬಾಗಿಲನ್ನು ವಿಂಡೋಸ್ 7ರಲ್ಲಿ ಮುಚ್ಚಿತು, ಹಳೆಯ ವಿಂಡೋಸ್‌ಗಳಿಗೆ 2011ರಲ್ಲಿ ಅಪ್‌ಡೇಟ್ ಮೂಲಕ ಮುಚ್ಚಿತು. ಬಾಗಿಲು ಮುಚ್ಚಿದ ಮೇಲೆ ಒಳಗೆ ಬರಲು ನಮ್ಮ ಬೆರಳೇ ಬೇಕಾಯಿತು. ಅದಕ್ಕೇ ಈ ಬಾಣದ ವೇಷ.

ಇಂಟರ್ನೆಟ್ ಇಲ್ಲದ ಕಂಪ್ಯೂಟರಿಗೆ ಏನೂ ಆಗದು ಅನ್ನುವವರಿಗೆ 2010ರಲ್ಲಿ ಬೆಳಕಿಗೆ ಬಂದ 'ಸ್ಟಕ್ಸ್‌ನೆಟ್' ನೆನಪಿಸಬೇಕು. ಇರಾನಿನ ನತಾಂಜ್ ಪರಮಾಣು ಘಟಕದ ಯಂತ್ರಗಳು ಹೊರಗಿನ ಇಂಟರ್ನೆಟ್‌ಗೆ ಸೇರಿರಲಿಲ್ಲ. ಪೆನ್ ಡ್ರೈವ್ ಮೂಲಕ ಹರಡುವಂತೆ ಮಾಡಿದ್ದ ಆ ವೈರಸ್ ಅಲ್ಲಿಗೂ ತಲುಪಿ ಸೆಂಟ್ರಿಫ್ಯೂಜ್‌ಗಳನ್ನು ಕೆಡಿಸಿತು. ಸಿಮ್ಯಾಂಟೆಕ್ ಸಂಸ್ಥೆಯ ಲೆಕ್ಕದಲ್ಲಿ ಇರಾನ್ ಮತ್ತು ಇಂಡೋನೇಷ್ಯಾ ಬಿಟ್ಟರೆ ಅದು ಅತಿ ಹೆಚ್ಚು ಕಂಪ್ಯೂಟರುಗಳಿಗೆ ಹೊಕ್ಕಿದ್ದು ನಮ್ಮ ಭಾರತದಲ್ಲೇ.

ಸರಿ, ನಾವು ನೀವು ಏನು ಮಾಡಬಹುದು? ಎಂಜಿನಿಯರ್ ನನಗೆ ಹೇಳಿಕೊಟ್ಟದ್ದನ್ನೇ ನಿಮಗೂ ಹೇಳುತ್ತೇನೆ.

ಎಲ್ಲಕ್ಕಿಂತ ಮೊದಲು, ಎರಡು ಪೆನ್ ಡ್ರೈವ್ ಇಟ್ಟುಕೊಳ್ಳಿ. ಒಂದು ಊರು ತಿರುಗುವುದು, ಇನ್ನೊಂದು ಮನೆ ಬಿಟ್ಟು ಕದಲದ್ದು. ತಿರುಗುವುದರಲ್ಲಿ ಅವತ್ತು ಬೇಕಾದ ಕಡತ ಮಾತ್ರ ಇರಲಿ. ಹೊರಗಿನ ಚಪ್ಪಲಿಯನ್ನು ನಾವು ಹೊಸ್ತಿಲಾಚೆ ಬಿಡುವುದಿಲ್ಲವೇ, ಹಾಗೆ. ಒಂದೆರಡು ಪುಟದ ಪ್ರಿಂಟ್ ಆದರೆ ಪೆನ್ ಡ್ರೈವ್ ಯಾಕೆ, ಫೋನಿನಿಂದಲೇ ಅಂಗಡಿಗೆ ಮೇಲ್ ಮಾಡಬಹುದು.

ಹೊರಗಿನಿಂದ ಬಂದ ಪೆನ್ ಡ್ರೈವ್ ತೆರೆಯುವ ಮುಂಚೆ ಅದರ ಮೇಲೆ ಮೌಸಿನ ಬಲಗುಂಡಿ ಒತ್ತಿ ಸ್ಕ್ಯಾನ್ ಮಾಡಿ. ವಿಂಡೋಸ್ 10 ಮತ್ತು 11ರಲ್ಲಿ ಡಿಫೆಂಡರ್ ಜೊತೆಗೇ ಬರುತ್ತದೆ, ದುಡ್ಡು ಕೊಡಬೇಕಿಲ್ಲ. ಆದರೆ ಅಪ್‌ಡೇಟ್ ಆಗದ ಆಂಟಿವೈರಸ್ ನಿದ್ದೆ ಹೋದ ವಾಚ್‌ಮನ್ ಇದ್ದಂತೆ. ನಮ್ಮ ಎಡಿಟಿಂಗ್ ಕಂಪ್ಯೂಟರಿನಲ್ಲಿ ಇದ್ದದ್ದು ಅಂಥ ವಾಚ್‌ಮನ್ನೇ. ಸೆಟ್ಟಿಂಗ್ಸ್‌ನಲ್ಲಿ 'ಆಟೋಪ್ಲೇ' ಆರಿಸಿಡಿ. ಫೋಲ್ಡರಿನ ಮೇಲೆ ಬಾಣ ಕಂಡರೆ, ಗಾತ್ರ ಒಂದೆರಡು ಕೆ.ಬಿ. ಅಂತ ತೋರಿಸಿದರೆ, ಒತ್ತಬೇಡಿ.

ದಾರಿಯಲ್ಲಿ ಸಿಕ್ಕ ಪೆನ್ ಡ್ರೈವ್‌ನ ತಂಟೆಯೂ ಬೇಡ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಆವರಣದಲ್ಲಿ ಸಂಶೋಧಕರು 297 ಪೆನ್ ಡ್ರೈವ್‌ಗಳನ್ನು ಬೇಕೆಂದೇ ಬೀಳಿಸಿ ನೋಡಿದರು. 2016ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಶೇಕಡ 45ಕ್ಕೆ ಕಡಿಮೆಯಿಲ್ಲದಷ್ಟನ್ನು ಎತ್ತಿಕೊಂಡವರು ಸಿಕ್ಕಿಸಿ ಒಳಗಿನ ಕಡತ ತೆರೆದಿದ್ದರು. ಕುತೂಹಲ ಎಲ್ಲರಿಗೂ ಇರುತ್ತದೆ ನೋಡಿ.

ಇಷ್ಟಾಗಿಯೂ ಕಡತ ಮಾಯವಾದರೆ ಗಾಬರಿಯಾಗಬೇಡಿ, ಫಾರ್ಮ್ಯಾಟ್ ಅಂತೂ ಬೇಡವೇ ಬೇಡ. ಮೊದಲು ಕಂಪ್ಯೂಟರನ್ನು ಪೂರ್ತಿ ಸ್ಕ್ಯಾನ್ ಮಾಡಿ ಶುದ್ಧ ಮಾಡಿ. ಆಮೇಲೆ ಪೆನ್ ಡ್ರೈವ್. ಈ ಕ್ರಮ ತಪ್ಪಿದರೆ ತೊಳೆದದ್ದೆಲ್ಲ ಮತ್ತೆ ಕೊಳೆಯಾಗುತ್ತದೆ. ಅದಾದ ಮೇಲೆ ಫೋಲ್ಡರ್ ಆಪ್ಷನ್ಸ್‌ಗೆ ಹೋಗಿ ಅಡಗಿದ ಕಡತಗಳನ್ನು ತೋರಿಸು ಅನ್ನುವುದನ್ನು ಆರಿಸಿ, ಸಿಸ್ಟಮ್ ಕಡತಗಳನ್ನು ಅಡಗಿಸು ಅನ್ನುವುದರ ಮುಂದಿನ ಗುರುತು ತೆಗೆಯಿರಿ. ಮಸುಕಾಗಿ ನಿಮ್ಮ ಫೋಲ್ಡರುಗಳು ಕಾಣುತ್ತವೆ. ಬೇಕಾದದ್ದನ್ನು ಬೇರೆ ಕಡೆ ಕಾಪಿ ಮಾಡಿಕೊಂಡು, ಆ ಗುರುತನ್ನು ಮತ್ತೆ ಹಾಕಿಬಿಡಿ. ಕೈಯಲ್ಲಾಗದಿದ್ದರೆ ತಿಳಿದವರಿಗೆ ತೋರಿಸಿ, ಅಲ್ಲಿಯವರೆಗೆ ಅದಕ್ಕೆ ಹೊಸದೇನನ್ನೂ ತುಂಬಬೇಡಿ.

ಕೊನೆಯದು ನನಗೆ ನಾನೇ ಹೇಳಿಕೊಂಡ ಮಾತು. ಇನ್ನೊಮ್ಮೆ ಸಿಗದಂಥದ್ದು ಒಂದೇ ಕಡೆ ಇದ್ದರೆ ಅದು ಇದ್ದ ಲೆಕ್ಕಕ್ಕಿಲ್ಲ. ಪೆನ್ ಡ್ರೈವ್ ಸಾಗಿಸುವ ಕೈಚೀಲ, ಕಪಾಟಲ್ಲ.

ಅಜ್ಜಿಯ 40 ನಿಮಿಷವೂ ಸಿಕ್ಕಿತು. ಈಗ ಅದರ ಮೂರು ಪ್ರತಿ ಇವೆ. ಒಂದು ಡೊಂಬಿವಲಿಯಲ್ಲಿ, ಒಂದು ನಮ್ಮ ಆಫೀಸಿನಲ್ಲಿ, ಒಂದು ನನ್ನ ಮನೆಯಲ್ಲಿ. ಕೇಳಿದ ರಾತ್ರಿಯೇ ಅವರ ಮಗ ಫೋನ್ ಮಾಡಿದ್ದರು. "ಹಾಡು ನಮಗೆಲ್ಲಾ ಬರ್ತಾವ್ರೀ. ನಡುವೆ ನಿಮಗ ಚಾ ಕುಡೀತೀರೇನು ಅಂತ ಕೇಳ್ಯಾಳಲ್ಲ, ಅದನ್ನ ನಾಕು ಸಲ ಹಾಕಿ ಕೇಳಿದ್ವಿ" ಅಂದರು.

ಪ್ರಸಾರದ ದಿನ ಆ ಮಾತನ್ನು ನಾನು ಕತ್ತರಿಸಿ ಹಾಕಿದ್ದೆ. ಇವತ್ತು ಅದರ ಸಮೇತ ಆ ಹಾಡು ಕೇಳೋಣ.