ರಿಪೇರಿ ಸಾಲಕ್ಕೆ ಮುಂಚೆ ಒಂದು ನೋಟ್‌ಬುಕ್

(ದಕ್ಷಿಣ ಬೆಂಗಳೂರು ವಲಯದ ಮಹಿಳಾ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಸಿಸ್ಟರ್ ಅವರು ಮಾಡಿದ ಭಾಷಣದ ಬರಹ ರೂಪ)



ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಲೇಔಟ್ ಎಲ್ಲ ಕಡೆಯಿಂದಲೂ ಸಂಘದ ಪ್ರತಿನಿಧಿಗಳು ಬಂದಿದ್ದೀರಿ. ಅಡುಗೆ ಮುಗಿಸಿ, ಮಕ್ಕಳನ್ನು ಶಾಲೆಗೆ ಕಳಿಸಿ, ಎರಡು ಬಸ್ಸು ಬದಲಾಯಿಸಿ ಬಂದವರೂ ಇದ್ದೀರಿ. ಸಾಮಾನ್ಯವಾಗಿ ಈ ಸಭೆಯಲ್ಲಿ ನಾನು ಆರೋಗ್ಯ, ಉಳಿತಾಯ, ಬ್ಯಾಂಕ್ ಸಾಲ ಅಂತ ಮಾತಾಡುತ್ತೇನೆ. ಇವತ್ತು ಗಾಡಿ ರಿಪೇರಿ ವಿಷಯ. ಸಿಸ್ಟರ್‌ಗೆ ಇಂಜಿನ್ ಬಗ್ಗೆ ಏನು ಗೊತ್ತು ಅಂತ ಹಿಂದಿನ ಸಾಲಿನಲ್ಲಿ ಯಾರೋ ನಗ್ತಾ ಇದ್ದೀರಿ. ನಗಿ, ಪರವಾಗಿಲ್ಲ. ನಮ್ಮ ಕಾನ್ವೆಂಟಿನ ಗಾಡಿ ಓಡಿಸೋದು ಎಷ್ಟೋ ವರ್ಷದಿಂದ ನಾನೇ. ನಾನು ಮೆಕ್ಯಾನಿಕ್ ಅಲ್ಲ, ಮೆಕ್ಯಾನಿಕ್‌ಗೆ ದುಡ್ಡು ಕೊಟ್ಟು ಕೊಟ್ಟು ಕಲಿತವಳು.

ಈ ವಿಷಯ ಯಾಕೆ ಬಂತು ಅಂದರೆ, ಬನಶಂಕರಿ ಕಡೆಯ ಒಂದು ಸಂಘದಲ್ಲಿ ಸಾಲದ ಅರ್ಜಿ ಒಂದು ಜಗಳವಾಗಿ ನನ್ನ ಹತ್ತಿರ ಬಂತು. ಆ ಸದಸ್ಯೆಯ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ, ಹೆಸರು ಬೇಡ. ಆಕೆ ಚಪಾತಿ, ಪಲ್ಯ ಮಾಡಿ ಬಿ.ಟಿ.ಎಂ. ಲೇಔಟಿನ ಪಿ.ಜಿ.ಗಳಿಗೆ ಕೊಡುತ್ತಾರೆ. ಯಜಮಾನರು ಹಳೆಯ ಮಾರುತಿ ಓಮ್ನಿಯಲ್ಲಿ ಸಾಗಿಸುತ್ತಾರೆ. ಪೆಟ್ರೋಲು, ಗ್ಯಾಸು ಎರಡರಲ್ಲೂ ಓಡುವ ಗಾಡಿ. ಅದು ದಾರಿ ಮಧ್ಯದಲ್ಲಿ ಆಫ್ ಆಗಲು ಶುರುವಾಯಿತು. ಮೊದಲ ಗ್ಯಾರೇಜಿನವರು ಬ್ಯಾಟರಿ ಹೋಗಿದೆ ಅಂದರು. ಸಂಘದಿಂದ 4,500 ರೂಪಾಯಿ ಸಾಲ. ಎಂಟು ದಿನಕ್ಕೆ ಮತ್ತೆ ನಿಂತಿತು. ಎರಡನೆಯವರು ಪೆಟ್ರೋಲ್ ಪಂಪು ಬದಲಾಯಿಸಿದರು, 5,500. ಮತ್ತೆ ನಿಂತಿತು. ಮೂರನೆಯವರು ಇಂಜಿನ್ ಬಿಚ್ಚಬೇಕು, 30,000 ಆಗುತ್ತೆ ಅಂದರು.

ಮೂರನೇ ಸಲ ಅರ್ಜಿ ಬಂದಾಗ ಸಂಘದಲ್ಲಿ ಮಾತು ಬೆಳೆಯಿತು. "ಗಾಡಿ ರಿಪೇರಿ ಅಂತ ಹೇಳಿ ದುಡ್ಡು ಬೇರೆ ಎಲ್ಲೋ ಹೋಗ್ತಿದೆ" ಅಂತ ಒಬ್ಬರು ಎದುರಿಗೇ ಅಂದುಬಿಟ್ಟರು. ಆಕೆ ಪಾಸ್‌ಬುಕ್ ಮೇಜಿನ ಮೇಲಿಟ್ಟು ಎದ್ದು ಹೋದರು. ಒಂಬತ್ತು ವರ್ಷದ ಸದಸ್ಯೆ, ಒಂದು ಕಂತೂ ತಪ್ಪಿಸಿದವರಲ್ಲ. 30,000ಕ್ಕೆ ನೂರಕ್ಕೆ ಒಂದೂವರೆ ಅಂದರೆ ತಿಂಗಳಿಗೆ 450 ರೂಪಾಯಿ ಬಡ್ಡಿಯೇ. ಕೊಟ್ಟರೆ ಸಂಘದ ದುಡ್ಡು ಏನಾಗುತ್ತೋ, ಕೊಡದಿದ್ದರೆ ಆಕೆಯ ವ್ಯಾಪಾರ ನಿಲ್ಲುತ್ತೆ. ಪಿ.ಜಿ.ಯವರು ಎರಡು ದಿನ ಊಟ ತಡವಾದರೆ ಮೂರನೇ ದಿನ ಬೇರೆಯವರನ್ನು ನೋಡಿಕೊಳ್ಳುತ್ತಾರೆ.

ನಾನು ಆಕೆಯನ್ನು ಕೇಳಿದ್ದು ಒಂದೇ: "ಗಾಡಿ ಯಾವಾಗ ನಿಲ್ಲುತ್ತೆ?" ಆಕೆ "ಯಾವಾಗ ಬೇಕಾದರೂ ನಿಲ್ಲುತ್ತೆ ಸಿಸ್ಟರ್" ಅಂದರು. ನಾವು ಡಾಕ್ಟರ ಹತ್ತಿರ ಹೋಗಿ ಜ್ವರ ಅಂದರೆ, ಅವರು ಎಷ್ಟು ದಿನದಿಂದ, ಬೆಳಿಗ್ಗೆ ಬರುತ್ತಾ ಸಂಜೆನಾ, ಚಳಿ ಇದೆಯಾ ಅಂತ ಕೇಳುತ್ತಾರೆ. ಗ್ಯಾರೇಜಿನಲ್ಲಿ ನಾವು ಬರೀ "ನಿಂತುಹೋಗುತ್ತೆ" ಅಂತೀವಿ. ಅಷ್ಟು ಹೊತ್ತಿಗೆ ಗಾಡಿ ತಣ್ಣಗಾಗಿ ಚೆನ್ನಾಗಿ ಓಡುತ್ತಾ ಇರುತ್ತೆ. ಆತನಿಗೆ ಕಾಯಿಲೆ ಕಾಣುವುದೇ ಇಲ್ಲ, ಊಹೆ ಮಾಡಿ ಒಂದು ಸಾಮಾನು ಬದಲಾಯಿಸುತ್ತಾನೆ. ಎಲ್ಲವೂ ಮೋಸ ಅಂತ ನಾನು ಹೇಳುವುದಿಲ್ಲ. ಆದರೆ ಆತನ ಊಹೆಗೆ ದುಡ್ಡು ಕೊಡುವವರು ನಾವು.

ಹಾಗಾಗಿ ಒಂದು ನೋಟ್‌ಬುಕ್ ಇಡಿ ಅಂದೆ. ಗಾಡಿ ನಿಂತಾಗಲೆಲ್ಲ ಬರೆಯಬೇಕು: ಎಷ್ಟು ಗಂಟೆ, ಯಾವ ಜಾಗ. ಹೊರಟ ತಕ್ಷಣವೋ, ಇಂಜಿನ್ ಬಿಸಿಯಾದ ಮೇಲೋ. ಸಿಗ್ನಲ್‌ನಲ್ಲಿ ನಿಂತಾಗಲೋ, ಓಡುವಾಗಲೋ, ಏರು ಹತ್ತುವಾಗಲೋ. ಜರ್ಕ್ ಹೊಡೆದು ಹೊಡೆದು ನಿಂತಿತೋ, ಸ್ವಿಚ್ ಆರಿಸಿದ ಹಾಗೆ ಒಮ್ಮೆಲೇ ನಿಂತಿತೋ. ಆಗ ಲೈಟು, ಹಾರನ್ ಇತ್ತೇ? ಪೆಟ್ರೋಲ್ ಎಷ್ಟಿತ್ತು? ಮತ್ತೆ ಸ್ಟಾರ್ಟ್ ಆಗಲು ಎಷ್ಟು ಹೊತ್ತು ಹಿಡಿಯಿತು? ಜೊತೆಗೆ ಒಂದು ವಾರ ಪೆಟ್ರೋಲ್‌ನಲ್ಲೇ ಓಡಿಸಿ, ಒಂದು ವಾರ ಗ್ಯಾಸ್‌ನಲ್ಲೇ ಓಡಿಸಿ ಅಂದೆ. ಎರಡು ವಾರ ಆಕೆ ಪಕ್ಕದ ಸೀಟಿನಲ್ಲಿ ಪೆನ್ನು ಹಿಡಿದು ಕೂತರು.

ಇಂಜಿನ್ನನ್ನು ನಮ್ಮ ಒಲೆಯ ಹಾಗೆ ಅಂದುಕೊಳ್ಳಿ. ಗ್ಯಾಸ್ ಬರಬೇಕು, ಗಾಳಿ ಬೇಕು, ಲೈಟರ್ ಕಿಡಿ ಕೊಡಬೇಕು. ಮೂರರಲ್ಲಿ ಒಂದು ತಪ್ಪಿದರೂ ಒಲೆ ಉರಿಯದು. ಒಂದೇ ವ್ಯತ್ಯಾಸ, ಒಲೆಗೆ ಕಿಡಿ ಒಂದು ಸಲ ಸಾಕು, ಪೆಟ್ರೋಲ್ ಇಂಜಿನ್‌ಗೆ ಓಡುವಷ್ಟು ಹೊತ್ತೂ ಬೇಕು. ಗಾಡಿ ನಿಲ್ಲುವ ರೀತಿಯೇ ಯಾವುದು ತಪ್ಪಿದೆ ಅಂತ ಸುಳಿವು ಕೊಡುತ್ತೆ. ಏರಿನಲ್ಲಿ, ಆಕ್ಸಿಲರೇಟರ್ ಒತ್ತಿದಾಗ ಜರ್ಕ್ ಹೊಡೆದು ನಿಂತರೆ ಇಂಧನ ಸಾಲುತ್ತಿಲ್ಲ ಅಂತ ಅನುಮಾನ, ಮೊದಲು ಫ್ಯೂಯಲ್ ಫಿಲ್ಟರ್ ನೋಡಿಸಿ. ಓಡುವಾಗ ಚೆನ್ನಾಗಿದ್ದು ಸಿಗ್ನಲ್‌ನಲ್ಲಿ ಮಾತ್ರ ಆರಿಹೋದರೆ ಗಾಳಿಯ ದಾರಿ ನೋಡಬೇಕು, ಏರ್ ಫಿಲ್ಟರ್, ಥ್ರಾಟಲ್ ಬಾಡಿ. ಲೈಟು, ಹಾರನ್ ಎಲ್ಲ ಒಟ್ಟಿಗೆ ಸತ್ತರೆ ಬ್ಯಾಟರಿಯ ಟರ್ಮಿನಲ್ ಸಡಿಲ ಇರಬಹುದು, ಅರ್ಥ್ ವೈರ್ ತುಕ್ಕು ಹಿಡಿದಿರಬಹುದು. ಅದಕ್ಕೆ ಸ್ಪ್ಯಾನರ್ ಸಾಕು, ಹೊಸ ಬ್ಯಾಟರಿ ಬೇಡ.

ಬ್ಯಾಟರಿ ವಿಷಯ ಇನ್ನೊಂದು ಮಾತು. ಬ್ಯಾಟರಿಯ ಮುಖ್ಯ ಕೆಲಸ ಗಾಡಿ ಸ್ಟಾರ್ಟ್ ಮಾಡುವುದು. ಇಂಜಿನ್ ಓಡಲು ಶುರುವಾದ ಮೇಲೆ ಕರೆಂಟ್ ಕೊಡುವುದು ಆಲ್ಟರ್ನೇಟರ್. ಸೆಲ್ಫ್ ಚೆನ್ನಾಗಿ ತಿರುಗುತ್ತೆ, ಆದರೆ ಓಡುವಾಗ ನಿಲ್ಲುತ್ತೆ ಅಂದರೆ ಬ್ಯಾಟರಿ ಮೇಲೆ ತಪ್ಪು ಹೊರಿಸುವ ಮುಂಚೆ ಯೋಚಿಸಬೇಕು.

ಈಗ ಆ ನೋಟ್‌ಬುಕ್ ಕಥೆ. ಎರಡು ವಾರದಲ್ಲಿ ಆರು ಸಲ ನಿಂತಿತ್ತು. ಆರೂ ಸಲ ಸಂಜೆ, ಸಿಲ್ಕ್ ಬೋರ್ಡ್ ಕಡೆಯ ಟ್ರಾಫಿಕ್‌ನಲ್ಲಿ ಮುಕ್ಕಾಲು ಗಂಟೆ ತೆವಳಿದ ಮೇಲೆ. ಬೆಳಿಗ್ಗೆ ತಣ್ಣಗಿರುವಾಗ ಒಂದು ಸಲವೂ ಇಲ್ಲ. ಟೆಂಪರೇಚರ್ ಮುಳ್ಳು ಸರಿಯಾಗೇ ಇತ್ತು. ಸ್ವಿಚ್ ಆರಿಸಿದ ಹಾಗೆ ನಿಲ್ಲುತ್ತಿತ್ತು, ಲೈಟು ಇರುತ್ತಿತ್ತು, ಸೆಲ್ಫ್ ಜೋರಾಗಿ ತಿರುಗುತ್ತಿತ್ತು. ಇಪ್ಪತ್ತೈದು, ಮೂವತ್ತು ನಿಮಿಷ ಬಿಟ್ಟರೆ ಏನೂ ಆಗದ ಹಾಗೆ ಸ್ಟಾರ್ಟ್. ಪೆಟ್ರೋಲ್‌ನಲ್ಲಿ ಮೂರು ಸಲ, ಗ್ಯಾಸ್‌ನಲ್ಲಿ ಮೂರು ಸಲ.

ಗ್ಯಾಸ್‌ನಲ್ಲಿ ಓಡುವಾಗ ಪೆಟ್ರೋಲ್ ಪಂಪಿಗೂ ಇಂಜಿನ್‌ಗೂ ಸಂಬಂಧವೇ ಇಲ್ಲ. ಆಗಲೂ ಅದೇ ರೀತಿ ನಿಂತಿತು ಅಂದರೆ ಆ 5,500 ರೂಪಾಯಿ ನೀರಿಗೆ ಹೋಯಿತು ಅಂತ ಅಲ್ಲೇ ಗೊತ್ತಾಯಿತು. ಉಳಿದದ್ದು ಕಿಡಿ.

ಯಜಮಾನರು ಈ ಪುಸ್ತಕ ಹಿಡಿದು ಮನೆ ಹತ್ತಿರದ ಒಬ್ಬ ಮೆಕ್ಯಾನಿಕ್ ಬಳಿ ಹೋದರು. ಗ್ಯಾರೇಜ್ ಮುಂದೆಯೇ ಇಂಜಿನ್ ಓಡಲು ಬಿಟ್ಟು, ನಿಲ್ಲುವ ತನಕ ಕಾದರು. ಒಂದು ಗಂಟೆ ಹತ್ತಿರ ಹಿಡಿಯಿತು. ನಿಂತ ಕೂಡಲೇ ಆತ ಪ್ಲಗ್ ಬಿಚ್ಚಿ ನೋಡಿದರೆ ಕಿಡಿ ಇಲ್ಲ. ಇಗ್ನಿಷನ್ ಕಾಯಿಲ್ ಬಿಸಿಯಾದಾಗ ಒಳಗೆ ಸಂಪರ್ಕ ಬಿಟ್ಟು, ತಣ್ಣಗಾದಾಗ ಮತ್ತೆ ಕೂಡುತ್ತಿತ್ತು. ಕಾಯಿಲ್, ಕೂಲಿ ಎಲ್ಲ ಸೇರಿ 1,900 ರೂಪಾಯಿ. ನಾಲ್ಕು ತಿಂಗಳಾಯಿತು, ಗಾಡಿ ನಿಂತಿಲ್ಲ. (ಹೊಸ ಗಾಡಿಗಳಲ್ಲಿ ಹೀಗೇ ಬಿಸಿಗೆ ನಿಲ್ಲುವುದಕ್ಕೆ ಕ್ರ್ಯಾಂಕ್ ಸೆನ್ಸರ್ ಕೂಡ ಕಾರಣವಾಗಬಹುದು. ಕಿಡಿ ಇಲ್ಲ ಅಂದ ಮಾತ್ರಕ್ಕೆ ಕಾಯಿಲ್ಲೇ ಅಂತ ಹಟ ಮಾಡಬೇಡಿ.)

ಆಟೋ ಇರುವ ಮನೆಗಳವರು ಇಲ್ಲಿ ಜಾಸ್ತಿ ಇದ್ದೀರಿ. ಗ್ಯಾಸ್ ಆಟೋದಲ್ಲಿ ಸ್ವಲ್ಪ ಪೆಟ್ರೋಲ್ ಹಾಕುವ ವ್ಯವಸ್ಥೆಯೂ ಇದ್ದರೆ ಇದೇ ಪರೀಕ್ಷೆ ಮಾಡಿ. ಗ್ಯಾಸ್‌ನಲ್ಲಿ ಮಾತ್ರ ನಿಂತರೆ ದೋಷ ಗ್ಯಾಸ್ ಕಿಟ್ ಕಡೆ. ಅದರ ಫಿಲ್ಟರ್, ರೆಗ್ಯುಲೇಟರ್ ನೋಡಬೇಕು. ಆದರೆ ಗ್ಯಾಸ್ ಕಿಟ್‌ಗೆ ಮನೆಯಲ್ಲಿ ಕೈ ಹಾಕಬೇಡಿ, ಅದನ್ನು ಬಲ್ಲವರೇ ಮುಟ್ಟಬೇಕು.

ನಮ್ಮ ಕಾನ್ವೆಂಟ್ ಕಾರಿನ ಕಥೆ ಹೇಳಿದರೆ ನಿಮಗೆ ಸಮಾಧಾನವಾಗುತ್ತೆ. ಜಯನಗರ 4ನೇ ಬ್ಲಾಕ್ ಸಿಗ್ನಲ್‌ನಲ್ಲಿ ಎ.ಸಿ. ಹಾಕಿದರೆ ಸಾಕು, ಆರಿಹೋಗುತ್ತಿತ್ತು. ಪ್ಲಗ್ ಬದಲಾಯಿಸಿದೆ, ಇಂಜೆಕ್ಟರ್ ತೊಳೆಸಿದೆ. ಕೊನೆಗೆ ನೋಡಿದರೆ ಥ್ರಾಟಲ್ ಬಾಡಿಯಲ್ಲಿ ಕಾರ್ಬನ್. ತೊಳೆಯಲು 600 ರೂಪಾಯಿ. ಅದಕ್ಕೆ ಮುಂಚೆ ಎಷ್ಟು ಖರ್ಚಾಗಿತ್ತು ಅಂತ ನಮ್ಮ ಸುಪೀರಿಯರ್ ಮದರ್ ಇವತ್ತಿಗೂ ನೆನಪಿಸುತ್ತಾರೆ.

ಪೆಟ್ರೋಲ್ ಹಾಕಿಸಿದ ದಿನವೇ ತೊಂದರೆ ಶುರುವಾದರೆ ಬಿಲ್ಲು ಬಿಸಾಡಬೇಡಿ. ಬಂಕಿನಲ್ಲಿ ಫಿಲ್ಟರ್ ಪೇಪರ್ ಪರೀಕ್ಷೆ ಮಾಡಿಸಿ ಅಂತ ಕೇಳುವ ಹಕ್ಕು ಗ್ರಾಹಕರಿಗೆ ಇದೆ. ಒಂದು ಹನಿ ಪೆಟ್ರೋಲ್ ಕಾಗದದ ಮೇಲೆ ಹಾಕಿದರೆ ಕಲೆ ಉಳಿಯದೆ ಆರಬೇಕು. ಅಳತೆ ಮೇಲೆ ಅನುಮಾನವಿದ್ದರೆ 5 ಲೀಟರ್ ಅಳತೆ ಪಾತ್ರೆಯಲ್ಲಿ ತೋರಿಸಿ ಅನ್ನಬಹುದು. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20ರವರೆಗೆ ಎಥನಾಲ್ ಇರುತ್ತೆ. ಎಥನಾಲ್ ನೀರನ್ನು ಹೀರುವ ಗುಣದ್ದು. ತುಂಬ ದಿನ ನಿಲ್ಲಿಸಿಟ್ಟ ಹಳೆಯ ಗಾಡಿಯಾದರೆ ಟ್ಯಾಂಕಿನಲ್ಲಿ ನೀರು ಸೇರಿದೆಯಾ, ರಬ್ಬರ್ ಪೈಪು ಬಿರುಕು ಬಿಟ್ಟಿದೆಯಾ ನೋಡಿಸಿ.

ಚೆಕ್ ಇಂಜಿನ್ ಲೈಟು ಉರಿಯುತ್ತಿದ್ದರೆ ಮೊದಲು ಸ್ಕ್ಯಾನರ್ ಹಾಕಿಸಿ ಕೋಡ್ ಬರೆದುಕೊಳ್ಳಿ. ಆದರೆ ಕೋಡ್ ಯಾವ ಕಡೆ ಹುಡುಕಬೇಕು ಅಂತ ಹೇಳುತ್ತೆ, ಯಾವ ಸಾಮಾನು ಕೊಳ್ಳಬೇಕು ಅಂತ ಅಲ್ಲ. ಸೆನ್ಸರ್ ಕೋಡ್ ಬಂದರೆ ಅದರ ವೈರನ್ನು ಇಲಿ ಕಡಿದಿರಲೂಬಹುದು.

ಗ್ಯಾರೇಜಿನಲ್ಲಿ ಮಾತು ಮೊದಲೇ ಆಗಬೇಕು: ನೋಡುವುದಕ್ಕೆ ಎಷ್ಟು, ಮಾಡುವುದಕ್ಕೆ ಎಷ್ಟು. ನೋಡಿದ್ದಕ್ಕೆ 300 ಕೊಟ್ಟು ಬರಲು ಸಂಕೋಚ ಬೇಡ. ಒಂದು ಸಲಕ್ಕೆ ಒಂದೇ ಸಾಮಾನು ಬದಲಾಯಿಸಲಿ, ಇಲ್ಲದಿದ್ದರೆ ಯಾವುದರಿಂದ ಸರಿಹೋಯಿತು ಅಂತ ಯಾರಿಗೂ ಗೊತ್ತಾಗದು. ತೆಗೆದ ಹಳೆಯ ಸಾಮಾನು ಕೈಗೆ ಕೊಡಲಿ. ದೊಡ್ಡ ಸಾಮಾನಾದರೆ ಜೆ.ಸಿ. ರಸ್ತೆಯ ಎರಡು ಅಂಗಡಿಯಲ್ಲಿ ಬೆಲೆ ಕೇಳಿ. ಬಿಲ್ಲು ಇದ್ದರೆ 1915 ಗ್ರಾಹಕ ಸಹಾಯವಾಣಿಗೆ ದೂರು ಕೊಡಬಹುದು. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷದವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ. ಬಿಲ್ಲು ಇಲ್ಲದಿದ್ದರೆ ನಾನೂ ಏನೂ ಮಾಡಲಾರೆ.

ಉಳಿತಾಯ ಮಾಡಬಾರದ ಜಾಗವೂ ಇದೆ. ಪೆಟ್ರೋಲ್ ಅಥವಾ ಗ್ಯಾಸ್ ವಾಸನೆ ಬಂದರೆ, ಟೆಂಪರೇಚರ್ ಮುಳ್ಳು ಮೇಲೆ ಹೋದರೆ ನೋಟ್‌ಬುಕ್ ಬೇಡ, ಗಾಡಿ ನಿಲ್ಲಿಸಿ ಇಳಿಯಿರಿ. ಬಿಸಿ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ಮಳೆನೀರಿನಲ್ಲಿ ನಿಂತರೆ ಮತ್ತೆ ಮತ್ತೆ ಸೆಲ್ಫ್ ಹೊಡೆಯಬೇಡಿ. ಇಂಜಿನ್ ಒಳಗೆ ನೀರು ಹೋಗಿದ್ದರೆ ಆಗಲೇ ನಿಜವಾಗಿ ಇಂಜಿನ್ ಬಿಚ್ಚಬೇಕಾಗುತ್ತೆ. ಓಡುತ್ತಿರುವಾಗ ಆಫ್ ಆದರೆ ಬ್ರೇಕು ಬಿಗಿಯಾಗುತ್ತೆ, ಪವರ್ ಸ್ಟೀರಿಂಗ್ ಭಾರವಾಗುತ್ತೆ. ಗಾಬರಿಯಾಗದೆ ಜೋರಾಗಿ ಒತ್ತಿ, ನಾಲ್ಕೂ ಇಂಡಿಕೇಟರ್ ಹಾಕಿ ಎಡಕ್ಕೆ ತನ್ನಿ. ಅಂಥ ಗಾಡಿಯಲ್ಲಿ, ಸರಿಯಾಗುವ ತನಕ, ಮಕ್ಕಳನ್ನು ಶಾಲೆಗೆ ಬಿಡಬೇಡಿ.

ಆ ಸಂಘದವರು ಈಗ ಒಂದು ಠರಾವು ಮಾಡಿದ್ದಾರೆ. ರಿಪೇರಿ ಸಾಲದ ಅರ್ಜಿ ಜೊತೆ ನೋಟ್‌ಬುಕ್ ಮತ್ತು ಗ್ಯಾರೇಜಿನ ಬರಹದ ಅಂದಾಜು ಇರಬೇಕು. ನೋಡಿಸುವುದಕ್ಕೆ ಮಾತ್ರ 500 ರೂಪಾಯಿ ಅದೇ ದಿನ, ಚರ್ಚೆ ಇಲ್ಲದೆ ಕೊಡುವುದು. ಎದುರಿಗೆ ಆ ಮಾತು ಆಡಿದವರು ಆಕೆಯ ಮನೆಗೆ ಹೋಗಿ ಪಾಸ್‌ಬುಕ್ ಕೊಟ್ಟು ಬಂದರು. ಆಕೆ ತೆಗೆದುಕೊಂಡರು. ಮೊದಲಿನ ಎರಡು ಸಾಲದ ಕಂತು ಇನ್ನೂ ಕಟ್ಟುತ್ತಿದ್ದಾರೆ.

ಪ್ರಶ್ನೆ ಇದ್ದವರು ಈಗ ಕೇಳಬಹುದು. ಆಟೋದವರು ಮೊದಲು, ಅವರು ಬೇಗ ಹೊರಡಬೇಕಂತೆ.