ಗೂಡ್ಸ್ ಗಾಡಿಯ ವೇಗ, ನಮ್ಮ ಹಕ್ಕಲಿನ ನೀರು



ನಮ್ಮ ಸಂಘಕ್ಕೆ ಇಪ್ಪತ್ತೈದು ತುಂಬಿತು. ಭಟ್ಕಳ, ಹೊನ್ನಾವರ, ಕುಮಟಾ ಹಾಯುವ ಕೊಂಕಣ ರೈಲಿಗೂ ಹೆಚ್ಚುಕಡಿಮೆ ಅಷ್ಟೇ ಪ್ರಾಯ. ರೋಹಾದಿಂದ ಮಂಗಳೂರು ಹತ್ತಿರದ ತೋಕೂರಿನ ತನಕ 741 ಕಿಲೋಮೀಟರ್ ಹಾದಿ ಪೂರ್ತಿ ತೆರೆದದ್ದು 1998ರ ಜನವರಿ 26ರಂದು. ಹೊನ್ನಾವರದ ಶರಾವತಿ ಸೇತುವೆಯೇ ಈ ಹಾದಿಯಲ್ಲಿ ಎಲ್ಲಕ್ಕಿಂತ ಉದ್ದ, ಎರಡು ಕಿಲೋಮೀಟರಿಗೂ ಹೆಚ್ಚು.

ಮಳೆಗಾಲ ಬಂತೆಂದರೆ ಚಾ ಅಂಗಡಿಯಲ್ಲಿ ಒಂದೇ ಮಾತು: "ಗೂಡ್ಸ್ ಗಾಡಿ ಆಮೆ ಹಾಗೆ ಹೋಗ್ತದೆ, ಲಾರಿ ಹೊತ್ತ ರೋರೋ ಗಾಡಿ ಸ್ಟೇಷನ್ನಿನಲ್ಲೇ ನಿಂತಿರ್ತದೆ." ನಾವೂ ನಕ್ಕವರೇ. ಆದರೆ ಕಾರಣ ಉಂಟು. ನಮ್ಮ ಕಡೆ ಇರುವುದು ಒಂದೇ ಹಳಿ. ಎದುರಿನ ಗಾಡಿ ದಾಟುವ ತನಕ ಗೂಡ್ಸ್ ಕಾಯಲೇಬೇಕು. ಭಾರದ ಗಾಡಿ ಬ್ರೇಕು ಹಾಕಿದ ಕೂಡಲೇ ನಿಲ್ಲುವುದೂ ಇಲ್ಲ. ಗುಡ್ಡ ಕಡಿದು ಹಳಿ ಹಾಕಿದ ಕಡೆ ದರೆಯ ಮಣ್ಣು ನೀರು ಕುಡಿದು ಜಾರುತ್ತದೆ.

2003ರ ಜೂನ್ 22ರ ರಾತ್ರಿ ಮಹಾರಾಷ್ಟ್ರದ ವೈಭವವಾಡಿ ಹತ್ತಿರ, ಕಾರವಾರದಿಂದ ಮುಂಬೈಗೆ ಹೊರಟ ಗಾಡಿ ಹಳಿಗೆ ಕುಸಿದ ಕಲ್ಲುಮಣ್ಣಿಗೆ ಬಡಿದು 50ರಷ್ಟು ಜನ ತೀರಿಹೋದರು. ಮರುವರ್ಷ ಜೂನ್ 16ರಂದು ಕರಂಜಾಡಿ ಹತ್ತಿರ ಮತ್ಸ್ಯಗಂಧ ಗಾಡಿ ಬಂಡೆಗೆ ಬಡಿದು ಹಳಿ ತಪ್ಪಿತು. ಈಗ ಮಳೆಗಾಲಕ್ಕೆ ಬೇರೆಯೇ ವೇಳಾಪಟ್ಟಿ, ದರೆಗೆ ಬಲೆ, ರಾತ್ರಿ ಹಗಲು ಗಸ್ತು. ಜಡಿಮಳೆಯಲ್ಲಿ ಮುಂದಿನದು ಕಾಣದಿದ್ದರೆ ಗಂಟೆಗೆ 40 ಕಿಲೋಮೀಟರಿಗಿಂತ ಹೆಚ್ಚು ಓಡಿಸುವಂತಿಲ್ಲ.

ಇನ್ನು ನಮ್ಮದೇ ತಪ್ಪು ಹೇಳಿಬಿಡುತ್ತೇವೆ. ಒಂದು ವರ್ಷ ಮೇಲಿನ ಹಕ್ಕಲಿನ ನೀರು ತೋಟಕ್ಕೆ ನುಗ್ಗುತ್ತದೆಂದು ಕಾಲುವೆ ತಿರುಗಿಸಿ ಹಳಿಯ ಬದಿಗೆ ಬಿಟ್ಟೆವು. ಆಷಾಢದ ಒಂದು ಬೆಳಿಗ್ಗೆ ನೋಡಿದರೆ ದರೆ ಜಾರಿ, ಮಣ್ಣು ಚರಂಡಿ ತುಂಬಿ ಜಲ್ಲಿಯ ಮೇಲೆ ಬಂದಿತ್ತು. ಗಸ್ತಿನವ ಕೆಂಪು ಬಾವುಟ ಹಿಡಿದು ಓಡುತ್ತಿದ್ದ. ಗೂಡ್ಸ್ ಬಂತು. ನಿಧಾನ ಇದ್ದದ್ದಕ್ಕೆ ನಿಂತಿತು. ಗಸ್ತಿನವ ನಮ್ಮನ್ನು ಬೈಯಲಿಲ್ಲ, "ಈ ನೀರು ಎಲ್ಲಿಂದ ಬಂತು?" ಅಂತ ಮಾತ್ರ ಕೇಳಿದ. ನಮಗೆ ಬಾಯಿ ಬರಲಿಲ್ಲ. ಆ ಸಂಜೆಯೇ ಗುದ್ದಲಿ ಹಿಡಿದು ಕಾಲುವೆಯನ್ನು ಹಳೇ ಹಾದಿಗೆ ತಿರುಗಿಸಿದೆವು.

ಆದ್ದರಿಂದ ಸದಸ್ಯರಲ್ಲಿ ವಿನಂತಿ ಇಷ್ಟೇ. ಮೃಗಶಿರಾ ಮಳೆಗೆ ಮೊದಲು ಅವರವರ ಕಾಲುವೆ ಅವರವರು ಬಿಡಿಸಿ. ಹಳಿ ಕೆಳಗಿನ ಮೋರಿಗೆ ಸೋಗೆ, ಕಸ ಹಾಕಬೇಡಿ. ದನ ಹಳಿಗೆ ಬಿಡಬೇಡಿ. ಗುಡ್ಡ ಬಿರುಕು ಬಿಟ್ಟದ್ದು ಕಂಡರೆ ಕೂಡಲೇ ಸ್ಟೇಷನ್ನಿಗೆ ತಿಳಿಸಿ. ಗಾಡಿ ಒಂದು ತಾಸು ತಡವಾದರೆ ಯಾರ ಮನೆಯೂ ಮುಳುಗುವುದಿಲ್ಲ. ನಮ್ಮ ಮಕ್ಕಳೂ ಅದೇ ಹಳಿಯ ಮೇಲೆ ಮುಂಬೈ, ಮಂಗಳೂರಿಗೆ ಹೋಗಿಬರುವವರು.